ಶಾಲೆಯ ದುಡ್ಡು ರಾಜ್ಯದ್ದಿರಲಿ, ಲೆಕ್ಕ ಊರಿನದ್ದಾಗಲಿ

ನ್ಯೂಜೆರ್ಸಿಯಲ್ಲಿ ಮನೆ ಕಂದಾಯ ಮೂರು ತಿಂಗಳಿಗೊಮ್ಮೆ ಕಟ್ಟಬೇಕು. ಆ ವಾರ ಇಲ್ಲಿನ ನಮ್ಮ ಕನ್ನಡದವರ ನಡುವೆ ಒಂದು ಹಳೇ ಜೋಕು ಮತ್ತೆ ಓಡಾಡುತ್ತದೆ: 'ಮನೆ ಕೊಂಡಿದ್ದಲ್ಲ ಮಾರಾಯ, ಊರಿನವರ ಹತ್ತಿರ ಬಾಡಿಗೆಗೆ ಹಿಡಿದಿದ್ದು.' ಪೂರ್ತಿ ಸುಳ್ಳೇನಲ್ಲ. 2024ರಲ್ಲಿ ರಾಜ್ಯದ ಸರಾಸರಿ ಮನೆ ಕಂದಾಯ ವರ್ಷಕ್ಕೆ 10,000 ಡಾಲರ್ ದಾಟಿತು. ಬಿಲ್ಲಿನಲ್ಲಿ ಕೌಂಟಿಗೆ (ಇಲ್ಲಿನ ಜಿಲ್ಲೆ ಅನ್ನಿ) ಇಷ್ಟು, ಊರಿನ ಆಡಳಿತಕ್ಕೆ ಇಷ್ಟು, ಶಾಲೆಗೆ ಇಷ್ಟು ಅಂತ ಸಾಲು ಸಾಲಾಗಿ ಬರೆದಿರುತ್ತಾರೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಶಾಲೆಯ ಪಾಲು. ಮಕ್ಕಳು ಇರಲಿ, ಇಲ್ಲದಿರಲಿ, ಇದ್ದ ಮಕ್ಕಳು ಓದು ಮುಗಿಸಿ ಕೆಲಸಕ್ಕೆ ಸೇರಿರಲಿ, ಕಟ್ಟಲೇಬೇಕು.

ಬಿಲ್ಲಿನ ಈ ಒಂದು ಸಾಲಿನಿಂದ ಏನಾಗುತ್ತದೆ ಅಂದರೆ, ಶಾಲೆಯ ಲೆಕ್ಕ ಊರಿಗೆಲ್ಲ ಸೇರಿದ ವಿಷಯವಾಗುತ್ತದೆ. ನಮ್ಮ ಕರ್ನಾಟಕದ ಹಳ್ಳಿ ಶಾಲೆಗೆ ಇಲ್ಲಿಂದ ಏನಾದರೂ ಒಯ್ಯಬಹುದಾದರೆ ಇದೊಂದನ್ನೇ ಅಂತ ನನಗೆ ಅನಿಸಿದೆ. ಕಂದಾಯವನ್ನಂತೂ ಅಲ್ಲ. ಅದು ಅಲ್ಲಿಗೆ ಹೋಗಲೇಬಾರದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಈ 'ಸ್ಕೂಲ್ ಡಿಸ್ಟ್ರಿಕ್ಟ್' ಅನ್ನುವುದು ಏನು ಅಂತ ನೋಡೋಣ. ಡಿಸ್ಟ್ರಿಕ್ಟ್ ಅಂದ ಕೂಡಲೇ ನಮಗೆ ಹಾಸನ ಜಿಲ್ಲೆ, ತುಮಕೂರು ಜಿಲ್ಲೆ ಕಣ್ಣಿಗೆ ಬರುತ್ತದೆ. ಇದು ಅಷ್ಟು ದೊಡ್ಡದಲ್ಲ. ವಿಸ್ತೀರ್ಣದಲ್ಲಿ ಕರ್ನಾಟಕದ ಒಂದೆರಡು ದೊಡ್ಡ ಜಿಲ್ಲೆಯಷ್ಟಿರುವ ನ್ಯೂಜೆರ್ಸಿಯಲ್ಲಿ ಸುಮಾರು 600 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಕೆಲವದರಲ್ಲಿ ಇರುವುದು ಒಂದೇ ಶಾಲೆ. ಎಂಟನೇ ಕ್ಲಾಸಿನವರೆಗೆ ಮಾತ್ರ ಓದಿಸಿ, ಹೈಸ್ಕೂಲಿಗೆ ಪಕ್ಕದ ಊರಿಗೆ ಕಳಿಸುವ ಡಿಸ್ಟ್ರಿಕ್ಟ್‌ಗಳೂ ಬೇಕಾದಷ್ಟಿವೆ. ಇಷ್ಟು ಚಿಕ್ಕದಾದರೂ ಒಂದೊಂದಕ್ಕೂ ತನ್ನದೇ ಬೋರ್ಡ್, ತನ್ನದೇ ಬಜೆಟ್, ಹೆಚ್ಚಿನ ಕಡೆ ತನ್ನದೇ ಸೂಪರಿಂಟೆಂಡೆಂಟ್ ಅಂದರೆ ಶಾಲೆಗಳ ಮುಖ್ಯ ಅಧಿಕಾರಿ, ಹಣಕಾಸು ನೋಡಿಕೊಳ್ಳಲು ಒಬ್ಬ ಬಿಸಿನೆಸ್ ಅಡ್ಮಿನಿಸ್ಟ್ರೇಟರ್. ಶಿಕ್ಷಕರನ್ನು ನೇಮಿಸುವುದು, ಸಂಬಳದ ಒಪ್ಪಂದ ಮಾಡಿಕೊಳ್ಳುವುದು, ರಜೆ ಯಾವತ್ತು ಅಂತ ಗೊತ್ತುಮಾಡುವುದು ಎಲ್ಲಾ ಬೋರ್ಡಿನ ಕೆಲಸ.

ಬೋರ್ಡ್ ಸದಸ್ಯರು ಸಾಮಾನ್ಯವಾಗಿ ಒಂಬತ್ತು ಜನ, ಚಿಕ್ಕ ಕಡೆ ಇನ್ನೂ ಕಡಿಮೆ. ಹೆಚ್ಚಿನ ಕಡೆ ಊರಿನ ಮತದಾರರೇ ಆರಿಸುತ್ತಾರೆ. ಅವಧಿ ಮೂರು ವರ್ಷ. ಎಲ್ಲರ ಅವಧಿ ಒಟ್ಟಿಗೆ ಮುಗಿಯುವುದಿಲ್ಲ, ಪ್ರತಿ ವರ್ಷ ಒಂದಷ್ಟು ಸ್ಥಾನಕ್ಕೆ ಚುನಾವಣೆ. ಪಕ್ಷದ ಚಿಹ್ನೆ ಇಲ್ಲ. ಸಂಬಳ ಇಲ್ಲ. ಆದರೆ ಗೆದ್ದ ಮೇಲೆ ಪೊಲೀಸ್ ದಾಖಲೆ ಪರಿಶೀಲನೆ ಆಗಬೇಕು, ತನಗೂ ಮನೆಯವರಿಗೂ ಎಲ್ಲಿಂದ ಆದಾಯ ಬರುತ್ತದೆ ಅಂತ ವರ್ಷಾವರ್ಷ ಬರೆದುಕೊಡಬೇಕು. ಹೆಂಡತಿ ಅದೇ ಡಿಸ್ಟ್ರಿಕ್ಟ್‌ನಲ್ಲಿ ಟೀಚರ್ ಆಗಿದ್ದರೆ ಟೀಚರುಗಳ ಸಂಬಳದ ಮಾತು ಬಂದಾಗ ಗಂಡ ಬಾಯಿ ಮುಚ್ಚಿಕೊಂಡು ಹೊರಗೆ ಕೂರಬೇಕು. ಇಷ್ಟೆಲ್ಲಾ ಮಾಡಿ ಸಿಗುವುದೇನು ಅಂದರೆ, ಸೂಪರ್ ಮಾರ್ಕೆಟ್‌ನಲ್ಲಿ ಹಾಲು ತೆಗೆದುಕೊಳ್ಳುವಾಗ ಯಾರೋ ಅಡ್ಡಹಾಕಿ 'ನಮ್ಮ ಬೀದಿಯ ಬಸ್ ಸ್ಟಾಪ್ ಯಾಕೆ ತೆಗೆದಿರಿ?' ಅಂತ ಜಗಳಕ್ಕೆ ನಿಲ್ಲುವುದು.

ನಮ್ಮ ಊರಿನ ಬೋರ್ಡ್ ಸಭೆ ಶಾಲೆಯ ಲೈಬ್ರರಿಯಲ್ಲಿ ನಡೆಯುತ್ತದೆ. ಮಕ್ಕಳ ಕುರ್ಚಿಗಳು, ಮೊಣಕಾಲು ಎದೆಗೆ ತಾಗುವಷ್ಟು ತಗ್ಗು. ರಾಜ್ಯದಲ್ಲಿ 1975ರಿಂದಲೇ ಬಹಿರಂಗ ಸಭೆಯ ಕಾಯ್ದೆ ಇದೆ. ಸಭೆ ಯಾವಾಗ, ಏನು ವಿಷಯ ಅಂತ ಮೊದಲೇ ತಿಳಿಸಬೇಕು, ಯಾರು ಬೇಕಾದರೂ ಬಂದು ಕೂರಬಹುದು, ಎದ್ದುನಿಂತು ಮಾತಾಡಬಹುದು. ನಮ್ಮಲ್ಲಿ ಒಬ್ಬರಿಗೆ ಮೂರು ನಿಮಿಷ. ಸಭೆಯ ಹಾಳೆಗಳ ಕೊನೆಯಲ್ಲಿ 'ಬಿಲ್ ಲಿಸ್ಟ್' ಅಂತ ಒಂದು ಕಟ್ಟು ಇರುತ್ತದೆ. ಆ ತಿಂಗಳು ಶಾಲೆ ಯಾರ್ಯಾರಿಗೆ ಎಷ್ಟೆಷ್ಟು ಕೊಡಬೇಕು ಅನ್ನುವ ಪಟ್ಟಿ. ಬಸ್ಸಿನ ಡೀಸೆಲ್, ಕಾಗದ, ಬ್ಯಾಂಡ್ ಸೆಟ್ಟಿನ ರಿಪೇರಿ, ವಕೀಲರ ಫೀಸು. ಬೋರ್ಡ್ ಒಪ್ಪದೆ ಚೆಕ್ ಹೋಗುವ ಹಾಗಿಲ್ಲ.

ಒಬ್ಬರು ಅಜ್ಜ ತಪ್ಪದೆ ಬರುತ್ತಾರೆ. ಮೊಮ್ಮಕ್ಕಳೂ ಈ ಊರಲ್ಲಿಲ್ಲ. ಕೈಯಲ್ಲಿ ಸ್ಕೇಲು. ಸಾಲಿನ ಕೆಳಗೆ ಸ್ಕೇಲಿಟ್ಟು ಬಿಲ್ ಲಿಸ್ಟನ್ನು ಒಂದೊಂದೇ ಓದುತ್ತಾರೆ. ಒಮ್ಮೆ ಎದ್ದು ಕೇಳಿದರು: 'ಬಾಯ್ಲರ್ ರಿಪೇರಿ ಹೋದ ತಿಂಗಳೂ ಇತ್ತಲ್ಲ?' ಬಿಸಿನೆಸ್ ಅಡ್ಮಿನಿಸ್ಟ್ರೇಟರ್ ಹಾಳೆ ತಿರುವಿ, ಅದು ಬೇರೆ ಕಟ್ಟಡದ್ದು ಅಂದರು. 'ಎರಡೂ ಬಾಯ್ಲರ್ ಒಂದೇ ವರ್ಷ ಹಾಕಿಸಿದ್ದು. ಮೂರನೆಯದು ಯಾವಾಗ ಕೈಕೊಡುತ್ತೆ ಅಂತ ಬಜೆಟ್‌ನಲ್ಲಿ ಇಟ್ಟಿದ್ದೀರಾ?' ಅಂತ ಅಜ್ಜ ಮರುಪ್ರಶ್ನೆ ಹಾಕಿದರು. ಇಟ್ಟಿರಲಿಲ್ಲ. ಮುಂದಿನ ವರ್ಷ ಇಟ್ಟರು. ಈ ಅಜ್ಜನಿಗೆ ಶಾಲೆಯ ಮೇಲೆ ವಿಶೇಷ ಪ್ರೀತಿ ಇದೆ ಅಂತ ನನಗೇನೂ ಅನಿಸಿಲ್ಲ. ತನ್ನ ದುಡ್ಡಿನ ಮೇಲೆ ಇದೆ. ಅಷ್ಟು ಸಾಕು ಅಲ್ವಾ?

ಬಜೆಟ್ ಕಾಲ ಫೆಬ್ರವರಿ, ಮಾರ್ಚ್‌ನಲ್ಲಿ ಶುರು. ಗವರ್ನರ್ ರಾಜ್ಯದ ಬಜೆಟ್ ಮಂಡಿಸಿದ ಎರಡೇ ದಿನದಲ್ಲಿ ಯಾವ ಡಿಸ್ಟ್ರಿಕ್ಟ್‌ಗೆ ರಾಜ್ಯದ ನೆರವು ಎಷ್ಟು ಅನ್ನುವ ಪಟ್ಟಿ ಹೊರಬೀಳಬೇಕು. ಆಮೇಲೆ ಬೋರ್ಡ್ ಕರಡು ಬಜೆಟ್ ಮಾಡುತ್ತದೆ, ಏಪ್ರಿಲ್ ಕೊನೆಗೋ ಮೇ ಮೊದಲ ವಾರಕ್ಕೋ ಸಾರ್ವಜನಿಕರ ಮುಂದೆ ಇಟ್ಟು ಅಂತಿಮ ಮಾಡುತ್ತದೆ. ಜುಲೈ 1ಕ್ಕೆ ಹೊಸ ವರ್ಷ.

ಇಲ್ಲಿ ಒಂದು ಗಂಟಿದೆ. 2010ರ ಕಾನೂನಿನ ಪ್ರಕಾರ ಊರಿನಿಂದ ಎತ್ತುವ ಶಾಲಾ ಕಂದಾಯವನ್ನು ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ. ಆರೋಗ್ಯ ವಿಮೆ, ಮಕ್ಕಳ ಸಂಖ್ಯೆ ಏರಿದ್ದು, ಇಂಥ ಕೆಲವಕ್ಕೆ ಸ್ವಲ್ಪ ರಿಯಾಯಿತಿ ಉಂಟು. ಒಂದು ಚಿಕ್ಕ ಊರು ಎರಡು ಕೋಟಿ ಡಾಲರ್ ಕಂದಾಯ ಎತ್ತುತ್ತದೆ ಅಂತ ಇಟ್ಟುಕೊಳ್ಳಿ. ಎರಡು ಪರ್ಸೆಂಟ್ ಅಂದರೆ 4 ಲಕ್ಷ ಡಾಲರ್. ಸಂಬಳದ ಒಪ್ಪಂದದಲ್ಲಿ ಏರಿಕೆ ಮೂರು ಪರ್ಸೆಂಟ್ ಅಂತ ಬರೆದಿದ್ದರೆ ಅಲ್ಲೇ ಕತೆ ಮುಗಿಯಿತು. ಅದರ ಮೇಲೆ ಆಗಸ್ಟ್‌ನಲ್ಲಿ ಒಂದು ಹೊಸ ಸಂಸಾರ ಊರಿಗೆ ಬರುತ್ತದೆ. ಅವರ ಮಗುವಿಗೆ ತೀವ್ರ ಅಂಗವೈಕಲ್ಯ, ನಮ್ಮ ಶಾಲೆಯಲ್ಲಿ ಅದಕ್ಕೆ ಬೇಕಾದ ವ್ಯವಸ್ಥೆ ಇಲ್ಲ. ಕಾನೂನಿನ ಪ್ರಕಾರ ವಿಶೇಷ ಶಾಲೆಗೆ ಕಳಿಸಬೇಕು, ಫೀಸು, ಬಸ್ಸು ಎಲ್ಲಾ ಡಿಸ್ಟ್ರಿಕ್ಟ್‌ನದ್ದೇ. ಒಂದು ಮಗುವಿಗೆ ವರ್ಷಕ್ಕೆ ಲಕ್ಷ ಡಾಲರ್ ತಲುಪುವುದು ಅಪರೂಪವೇನಲ್ಲ. ಆ ಮಗುವಿಗೆ ಅದು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ದೊಡ್ಡ ಡಿಸ್ಟ್ರಿಕ್ಟ್‌ಗೆ ಇದು ಲೆಕ್ಕಕ್ಕೇ ಬಾರದ ಖರ್ಚು. ಚಿಕ್ಕದಕ್ಕೆ ಅದು ಒಬ್ಬ ಸಂಗೀತದ ಟೀಚರ್, ಅರ್ಧ ಲೈಬ್ರೇರಿಯನ್‌ನ ಸಂಬಳ.

ರಾಜ್ಯದ ನೆರವು ಕೂಡ ಇದ್ದಕ್ಕಿದ್ದಂತೆ ಕೈಬಿಡುತ್ತದೆ. 2018ರಲ್ಲಿ ಬಂದ ಒಂದು ಕಾನೂನು, ನೆರವು ಹಂಚುವ ಸೂತ್ರದ ಪ್ರಕಾರ ಯಾರಿಗೆ ಜಾಸ್ತಿ ಹೋಗುತ್ತಿದೆಯೋ ಅವರಿಂದ ಏಳು ವರ್ಷಗಳಲ್ಲಿ ಕಿತ್ತು ಕಡಿಮೆ ಇದ್ದವರಿಗೆ ಕೊಡಿ ಅಂದಿತು. ನ್ಯಾಯವೇ. ಆದರೆ ಕಳೆದುಕೊಂಡ ಊರುಗಳಿಗೆ ಎರಡು ಪರ್ಸೆಂಟಿನ ಬೇಲಿ ಹಾಗೇ ಇತ್ತಲ್ಲ! ನೆರವೂ ಇಳಿಯಿತು, ಕಂದಾಯವೂ ಏರಿಸುವ ಹಾಗಿಲ್ಲ. ನಡುವೆ ಕೋವಿಡ್ ಕಾಲದ ಕೇಂದ್ರದ ಹಣ ಬಂದು ಸ್ವಲ್ಪ ದಿನ ಎಲ್ಲವನ್ನೂ ಮುಚ್ಚಿಟ್ಟಿತು. 2024ರ ಸೆಪ್ಟೆಂಬರ್‌ಗೆ ಅದೂ ಮುಗಿಯಿತು. ಆ ಹಣದಲ್ಲಿ ಕಾಯಂ ಹುದ್ದೆ ತುಂಬಿಕೊಂಡ ಡಿಸ್ಟ್ರಿಕ್ಟ್‌ಗಳು ಪೇಚಿಗೆ ಬಿದ್ದವು. ಕೆಲಸ ಕಾಯಂ ಆಗದ ಶಿಕ್ಷಕರಿಗೆ ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಅಂತ ಮೇ 15ರೊಳಗೆ ತಿಳಿಸಬೇಕು. ಹಾಗಾಗಿ ಬಜೆಟ್ ಬಿಗಿಯಾದ ವರ್ಷ ಮೊದಲು ಹೋಗುವುದು ಚಿಕ್ಕ ವಯಸ್ಸಿನ, ಹುರುಪಿನ ಟೀಚರುಗಳೇ.

ಒಂದು ಕಾಲದಲ್ಲಿ ಬಜೆಟ್‌ಗೆ ಊರಿನವರೇ ಓಟು ಹಾಕುತ್ತಿದ್ದರು. 2010ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ನೆರವು ಕಡಿತ ಮಾಡಿ, ಶಿಕ್ಷಕರು ಸಂಬಳ ಏರಿಕೆ ಬಿಡದಿದ್ದರೆ ಬಜೆಟ್ ತಿರಸ್ಕರಿಸಿ ಅಂತ ಜನಕ್ಕೆ ಹೇಳಿದರು. ಆ ಏಪ್ರಿಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬಜೆಟ್‌ಗಳು ಬಿದ್ದುಹೋದವು. 2012ರಲ್ಲಿ ಇನ್ನೊಂದು ಕಾನೂನು ಬಂತು. ಬೋರ್ಡ್ ಚುನಾವಣೆಯನ್ನು ನವೆಂಬರ್‌ಗೆ ಹಾಕಿಕೊಂಡರೆ, ಎರಡು ಪರ್ಸೆಂಟಿನ ಒಳಗಿರುವ ಬಜೆಟ್‌ಗೆ ಓಟೇ ಬೇಡ ಅಂದಿತು. ಹೆಚ್ಚುಕಡಿಮೆ ಎಲ್ಲರೂ ಆ ದಾರಿ ಹಿಡಿದರು. ಜನರ ಕೈಯಿಂದ ಒಂದು ಹಿಡಿತ ಜಾರಿತು, ನಿಜ. ಆದರೆ ಹೊಟ್ಟೆಯುರಿಗೆ ಓಟು ಹಾಕಿ ಮಕ್ಕಳ ಬಸ್ಸು ನಿಲ್ಲಿಸುವುದೂ ನಿಂತಿತು. ನನಗೆ ಈಗಿನದ್ದೇ ವಾಸಿ.

ಇನ್ನು ನಮ್ಮವರ ವಿಷಯ. ವೀಸಾದಲ್ಲಿರುವವರು, ಗ್ರೀನ್ ಕಾರ್ಡ್‌ನವರು ಕಂದಾಯವನ್ನು ಚಾಚೂ ತಪ್ಪದೆ ಕಟ್ಟುತ್ತಾರೆ. ಬೋರ್ಡ್ ಚುನಾವಣೆಯಲ್ಲಿ ಓಟು ಹಾಕುವ ಹಾಗಿಲ್ಲ. ಆದರೆ ಸಭೆಯಲ್ಲಿ ಮಾತಾಡಲು ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಇದು ಗೊತ್ತಿದ್ದೂ ನಮ್ಮವರು ಬರುವುದು ಎರಡೇ ವಿಷಯಕ್ಕೆ. ಒಂದು ದೀಪಾವಳಿಗೆ ಶಾಲೆಗೆ ರಜೆ ಬೇಕು ಅಂತ. ಇನ್ನೊಂದು ಗಣಿತದ ಅಡ್ವಾನ್ಸ್ಡ್ ಕ್ಲಾಸು. ದೀಪಾವಳಿ ರಜೆ ಇಲ್ಲಿನ ಎಷ್ಟೋ ಡಿಸ್ಟ್ರಿಕ್ಟ್‌ಗಳಲ್ಲಿ ಸಿಕ್ಕಿದೆ, ಒಳ್ಳೆಯದೇ. ಗಣಿತದ ಜಗಳ ಮಾತ್ರ ಬಗೆಹರಿಯುವಂಥದ್ದಲ್ಲ. 2015ರಲ್ಲಿ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೊ ಡಿಸ್ಟ್ರಿಕ್ಟ್‌ನ ಸೂಪರಿಂಟೆಂಡೆಂಟ್ ಮಕ್ಕಳ ಮೇಲಿನ ಒತ್ತಡ ಮಿತಿಮೀರಿದೆ ಅಂತ ದೊಡ್ಡ ಪತ್ರ ಬರೆದರು. ಹೈಸ್ಕೂಲಿನ ಮಧ್ಯವಾರ್ಷಿಕ, ವಾರ್ಷಿಕ ಪರೀಕ್ಷೆಗಳನ್ನೇ ತೆಗೆದರು, ಹೋಂವರ್ಕ್ ಇಲ್ಲದ ರಾತ್ರಿಗಳು ಅಂತ ಗೊತ್ತುಮಾಡಿದರು. ಊರು ಎರಡು ಪಾಲಾಯಿತು. ಏಷ್ಯಾ ಮೂಲದ ಅಪ್ಪ-ಅಮ್ಮಂದಿರಲ್ಲಿ ತುಂಬಾ ಜನ 'ನಮ್ಮ ಮಕ್ಕಳ ಓದು ಕೆಳಗಿಳಿಸುತ್ತಿದ್ದಾರೆ' ಅಂದರು. ರ‍್ಯಾಂಕ್ ನೋಡಿಯೇ ಬೆಳೆದ ನಮಗೆ ಆ ಗಾಬರಿ ಅರ್ಥವಾಗದ್ದೇನಲ್ಲ. ಆದರೆ ಬಾಯ್ಲರ್ ಬಗ್ಗೆ, ವಿಮೆ ಬಗ್ಗೆ, ವಿಶೇಷ ಮಕ್ಕಳ ಬಸ್ಸಿನ ಬಗ್ಗೆ ಚರ್ಚೆಯಾಗುವ ರಾತ್ರಿ ನಮ್ಮವರೊಬ್ಬರೂ ಆ ಕುರ್ಚಿಗಳಲ್ಲಿ ಇರುವುದಿಲ್ಲ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಒಬ್ಬಟ್ಟು ಎಷ್ಟು ಉಳಿಯಿತು ಅನ್ನುವ ಲೆಕ್ಕ ಕೇಳುವಷ್ಟು ಗಟ್ಟಿಯಾಗಿ ಇಲ್ಲಿ ಕೇಳುವುದಿಲ್ಲ.

ಊರಿನ ಕಡೆ ನೋಡೋಣ. ನಮ್ಮ ಅತ್ತಿಗೆ ಅರಸೀಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹೆಡ್ ಮೇಡಂ. ಅರವತ್ತು ಚಿಲ್ಲರೆ ಮಕ್ಕಳು. ಕರ್ನಾಟಕದಲ್ಲಿ 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಶಿಫಾರಸಿನಿಂದ ಬಂದದ್ದು. 2009ರಲ್ಲಿ ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ ಬಂದು ದೇಶಕ್ಕೆಲ್ಲ ಇಂಥ ಸಮಿತಿ ಇರಲಿ ಅಂತ ಹೇಳುವ ಎಂಟು ವರ್ಷ ಮೊದಲೇ ನಮ್ಮಲ್ಲಿತ್ತು. ಕಾಯ್ದೆಯ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ಶಾಲೆಯ ಮಕ್ಕಳ ತಂದೆ-ತಾಯಿ ಅಥವಾ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಈ ಒಂದು ವಿಷಯದಲ್ಲಿ ನಮ್ಮ ಹಳ್ಳಿ ಶಾಲೆ ನ್ಯೂಜೆರ್ಸಿಗಿಂತ ಎಷ್ಟೋ ಮುಂದಿದೆ. ಇಲ್ಲಿನ ಬೋರ್ಡ್‌ನಲ್ಲಿ ಶಾಲೆಗೆ ಹೋಗುವ ಮಕ್ಕಳಿರುವವರು ಒಬ್ಬರೂ ಇಲ್ಲದಿದ್ದರೂ ಕಾನೂನು ಕೇಳುವುದಿಲ್ಲ.

ನಾನು ಅತ್ತಿಗೆಯನ್ನು ಕೇಳಿದೆ, ನಿಮ್ಮ ಸಮಿತಿ ಸಭೆಯಲ್ಲಿ ಏನು ಮಾತಾಡ್ತಾರೆ ಅಂತ.

'ಏನ್ ಮಾತಾಡ್ತಾರೆ ಕಣಪ್ಪ, ಬಿಸಿಯೂಟದ ಬೇಳೆ ತೆಳ್ಳಗಾಯ್ತು ಅಂತಾರೆ. ಕಾಂಪೌಂಡ್ ಗೋಡೆ ಯಾವಾಗ ಅಂತಾರೆ. ಇಂಗ್ಲಿಷ್ ಮೇಷ್ಟ್ರು ಯಾವಾಗ ಬರ್ತಾರೆ ಅಂತಾರೆ. ಗೋಡೆಗೆ ಪಂಚಾಯಿತಿ ಕೇಳ್ಬೇಕು, ಮೇಷ್ಟ್ರಿಗೆ ಬಿಇಒ ಆಫೀಸ್ ಕೇಳ್ಬೇಕು. ನಮ್ಮ ಕೈಲಿರೋದು ಬೇಳೆ ಒಂದೇ.'

'ದುಡ್ಡಿನ ಲೆಕ್ಕ ಕೊಡಲ್ವಾ?'

'ಕೊಡ್ತೀನಲ್ಲ, ಇಪ್ಪತ್ತೈದು ಸಾವಿರದ್ದು. ಅಷ್ಟು ಲೆಕ್ಕ ಕೇಳೋಕೆ ಯಾರು ಕೂಲಿ ಬಿಟ್ಟು ಬರ್ತಾರೆ ನೀವೇ ಹೇಳಿ.'

ಆ ಇಪ್ಪತ್ತೈದು ಸಾವಿರ ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಶಾಲಾ ಅನುದಾನ. 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ, ಅದಕ್ಕಿಂತ ಕಡಿಮೆ ಮಕ್ಕಳಿದ್ದರೆ 10,000. ಅದರಲ್ಲಿ ನೂರಕ್ಕೆ ಹತ್ತಾದರೂ ಸ್ವಚ್ಛತೆಗೆ ಹೋಗಬೇಕು. ಉಳಿದಿದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರ್, ಸಣ್ಣಪುಟ್ಟ ರಿಪೇರಿ. ಶಾಲೆಗೆ ನಿಜವಾಗಿ ಆಗುವ ಖರ್ಚು ಇದಲ್ಲವೇ ಅಲ್ಲ. ಐದು ಜನ ಶಿಕ್ಷಕರಿದ್ದರೆ ಅವರ ಸಂಬಳವೇ ವರ್ಷಕ್ಕೆ ಮೂವತ್ತು ಲಕ್ಷದ ಆಸುಪಾಸು ಬರುತ್ತದೆ ಅಂತ ಅತ್ತಿಗೆಯ ಕೈಲೆಕ್ಕ. ಬಿಸಿಯೂಟದ ಅಕ್ಕಿ, ಹಾಲಿನ ಪುಡಿ, ಮೊಟ್ಟೆ, ಪಠ್ಯಪುಸ್ತಕ, ಸಮವಸ್ತ್ರ ಎಲ್ಲಾ ಬೇರೆ. ಇವೆಲ್ಲ ಬೇರೆ ಬೇರೆ ಖಾತೆಯಲ್ಲಿ, ಬೇರೆ ಬೇರೆ ಆಫೀಸಿನಲ್ಲಿ ಹರಿದು ಹೋಗುತ್ತವೆ. ಊರಿನ ಕಣ್ಣಿಗೆ ಬೀಳುವುದು ಇಪ್ಪತ್ತೈದು ಸಾವಿರ ಮಾತ್ರ. 'ನಮ್ಮೂರ ಶಾಲೆಗೆ ಸರ್ಕಾರ ಏನೂ ಕೊಡ್ತಿಲ್ಲ' ಅಂತ ಜನ ಅಂದುಕೊಳ್ಳುವುದು ಅದಕ್ಕೇ. ಕೊಡುತ್ತಿದೆ. ಬೇಕಾದಷ್ಟು ಅಂತ ನಾನು ಹೇಳುತ್ತಿಲ್ಲ, ಆದರೆ ಹಳ್ಳಿಯಲ್ಲಿ ಬೇರೆ ಯಾವುದಕ್ಕೂ ವರ್ಷಾವರ್ಷ ತಪ್ಪದೆ ಅಷ್ಟು ಬರುವುದಿಲ್ಲ. ಎರಡು ಹುದ್ದೆ ಖಾಲಿ ಬಿದ್ದು ಅತಿಥಿ ಶಿಕ್ಷಕರನ್ನು ಹಾಕಿದರೆ ಸರ್ಕಾರಕ್ಕೆ ಎಷ್ಟು ಉಳಿಯಿತು, ಆ ಉಳಿದ ದುಡ್ಡು ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಅಂಥದ್ದೊಂದು ಲೆಕ್ಕ ಇದೆ ಅಂತಲೇ ಗೊತ್ತಿಲ್ಲವಲ್ಲ.

ಹಾಗಾದರೆ ನ್ಯೂಜೆರ್ಸಿ ಥರ ಊರಿನವರೇ ದುಡ್ಡು ಹಾಕಲಿ, ಊರಿನವರೇ ಟೀಚರುಗಳನ್ನು ನೇಮಿಸಲಿ ಅಂತೀರಾ? ಬೇಡವೇ ಬೇಡ. ಇಲ್ಲಿನ ಪದ್ಧತಿಯ ಹೊಲಸು ಮುಖ ಅದೇ. ಮನೆಗಳ ಬೆಲೆ ಜಾಸ್ತಿ ಇರುವ ಊರಿಗೆ ಸ್ವಲ್ಪ ಕಂದಾಯ ಹಾಕಿದರೂ ರಾಶಿ ದುಡ್ಡು. ಬಡವರ ಊರಲ್ಲಿ ದುಪ್ಪಟ್ಟು ದರ ಹಾಕಿದರೂ ಚಿಲ್ಲರೆ. ರಾಜ್ಯದ ಸಂವಿಧಾನದಲ್ಲಿ 1875ರಿಂದಲೂ, ಐದರಿಂದ ಹದಿನೆಂಟು ವರ್ಷದ ಎಲ್ಲಾ ಮಕ್ಕಳಿಗೆ ಪರಿಪೂರ್ಣವೂ ಸಮರ್ಥವೂ ಆದ ಉಚಿತ ಶಾಲಾ ವ್ಯವಸ್ಥೆ ಇರಬೇಕು ಅಂತ ಬರೆದಿದೆ. ಅದನ್ನೇ ಹಿಡಿದು ಜನ ಕೋರ್ಟಿಗೆ ಹೋದರು. 1973ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಹೆಚ್ಚಾಗಿ ಮನೆ ಕಂದಾಯದ ಮೇಲೆಯೇ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಅಂದಿತು. ಶಾಸಕರು ಹೊಸ ಕಾನೂನು ಮಾಡಿದರು, ಅದಕ್ಕೆ ದುಡ್ಡು ಮಾತ್ರ ಒದಗಿಸಲಿಲ್ಲ. 1976ರ ಜುಲೈನಲ್ಲಿ ಕೋರ್ಟ್ ಶಾಲೆಗಳ ಖರ್ಚಿಗೇ ತಡೆ ಹಾಕಿ ಇಡೀ ರಾಜ್ಯದ ಶಾಲೆಗಳನ್ನು ಮುಚ್ಚಿಸಿತು. ಬೇಸಿಗೆ ಶಾಲೆಗಳಷ್ಟೇ ನಡೆಯುತ್ತಿದ್ದ ಕಾಲ ಅದು, ಆದರೂ ಬಿಸಿ ತಟ್ಟಿತು. ಎಂಟು ದಿನದಲ್ಲಿ ರಾಜ್ಯಕ್ಕೆ ಮೊದಲ ಬಾರಿ ಆದಾಯ ತೆರಿಗೆ ಬಂತು. ಆಮೇಲೆ ಬಡ ನಗರಗಳ ಮಕ್ಕಳ ಪರವಾಗಿ ಹೂಡಿದ ಅಬಟ್ ಮೊಕದ್ದಮೆ, 1985ರಿಂದ ಒಂದರ ಹಿಂದೆ ಒಂದು ತೀರ್ಪು. 1990ರಲ್ಲಿ, ಬಡ ನಗರಗಳ ಡಿಸ್ಟ್ರಿಕ್ಟ್‌ಗಳಿಗೆ ಶ್ರೀಮಂತ ಊರುಗಳಷ್ಟೇ ಹಣ ಸಿಗುವಂತೆ ರಾಜ್ಯ ನೋಡಿಕೊಳ್ಳಬೇಕು ಅಂತ ಕೋರ್ಟ್ ಹೇಳಿತು. 1998ರಲ್ಲಿ ಅಲ್ಲಿನ ಮೂರು, ನಾಲ್ಕು ವರ್ಷದ ಮಕ್ಕಳಿಗೂ ಶಾಲೆ ಕೊಡಿ ಅಂದಿತು.

ಅಂದರೆ ಐವತ್ತು ವರ್ಷದಿಂದ ಇಲ್ಲಿನವರು ಹೆಣಗಾಡುತ್ತಿರುವುದು ಯಾವುದಕ್ಕೆ? ಮನೆಯ ಬೆಲೆಗೂ ಮಗುವಿನ ಓದಿಗೂ ಗಂಟು ಬಿಚ್ಚುವುದಕ್ಕೆ. ನಮ್ಮಲ್ಲಿ ಆ ಗಂಟು ಹಾಕಿಯೇ ಇಲ್ಲ. ಯಾದಗಿರಿಯ ಪ್ರಾಥಮಿಕ ಶಾಲೆ ಮೇಷ್ಟ್ರಿಗೂ ಮಂಗಳೂರಿನ ಮೇಷ್ಟ್ರಿಗೂ ಒಂದೇ ವೇತನ ಶ್ರೇಣಿ, ಒಂದೇ ಖಜಾನೆ. ಇದು ದೊಡ್ಡ ವಿಷಯ. ಕಳೆದುಕೊಳ್ಳಬಾರದು.

ನಮ್ಮ ತೊಂದರೆ ಬೇರೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಅಂತ ನಡುವೆ ಎರಡು ಮೆಟ್ಟಿಲು ಇಟ್ಟಿದ್ದೆವು, ಶಾಲೆಯ ವಿಷಯ ಅಲ್ಲಿಯಾದರೂ ಚರ್ಚೆಯಾಗಲಿ ಅಂತ. 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಕ್ಷೇತ್ರ ವಿಂಗಡಣೆ, ಮೀಸಲಾತಿ ಅಂತ ಎಳೆದಾಟ. ಆ ಅವಧಿಯಲ್ಲಿ ಹಳ್ಳಿ ಶಾಲೆಯ ಅಹವಾಲು ಎಸ್‌ಡಿಎಂಸಿಯಿಂದ ನೇರ ಶಾಸಕರ ಮನೆ ಬಾಗಿಲಿಗೆ. ಶಾಸಕರು ಮನಸ್ಸು ಮಾಡಿದರೆ ಕೊಠಡಿ, ಇಲ್ಲದಿದ್ದರೆ ಇಲ್ಲ.

ಅಷ್ಟಕ್ಕೂ ಸ್ಥಳೀಯರ ಕೈಗೆ ಕೊಟ್ಟರೆ ಎಲ್ಲಾ ಸರಿಹೋಗುತ್ತದೆ ಅಂತೇನೂ ಇಲ್ಲ. ನಮ್ಮ ಇಂಡಿಯಾದವರೇ ತುಂಬಿರುವ ಜರ್ಸಿ ಸಿಟಿಯ ಶಾಲೆಗಳನ್ನು 1989ರಲ್ಲಿ ರಾಜ್ಯ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ನೇಮಕಾತಿಯಲ್ಲಿ ರಾಜಕೀಯ, ಆಡಳಿತದಲ್ಲಿ ಅಧ್ವಾನ. ಅಮೆರಿಕದಲ್ಲಿ ಒಂದು ರಾಜ್ಯ ಹೀಗೆ ಡಿಸ್ಟ್ರಿಕ್ಟ್ ಒಂದನ್ನು ಪೂರ್ತಿ ವಶಕ್ಕೆ ತೆಗೆದುಕೊಂಡದ್ದು ಅದೇ ಮೊದಲು. ಚಿಕ್ಕ ಡಿಸ್ಟ್ರಿಕ್ಟ್‌ಗಳ ದುಂದು ಇನ್ನೊಂದು ಬಗೆ. ಎರಡು ಮೈಲಿ ದೂರದಲ್ಲಿ ಎರಡು ಸೂಪರಿಂಟೆಂಡೆಂಟ್ ಆಫೀಸು, ಇಬ್ಬರಿಗೂ ಕೈತುಂಬಾ ಸಂಬಳ. ಸೇರಿಸಿ ಒಂದು ಮಾಡಿ ಅಂತ ಎಲ್ಲರೂ ಹೇಳುತ್ತಾರೆ, 'ನಮ್ಮ ಊರಿನದ್ದು ಬಿಟ್ಟು' ಅಂತ ಕೊನೆಗೆ ಸೇರಿಸುತ್ತಾರೆ. ಲ್ಯಾಂಬರ್ಟ್‌ವಿಲ್, ವೆಸ್ಟ್ ಆಮ್ವೆಲ್, ಸ್ಟಾಕ್‌ಟನ್ ಅನ್ನುವ ಪುಟ್ಟ ಊರುಗಳು 2013ರಲ್ಲಿ ಓಟು ಹಾಕಿ ಸೌತ್ ಹಂಟರ್‌ಡನ್ ಅನ್ನುವ ಒಂದೇ ಡಿಸ್ಟ್ರಿಕ್ಟ್ ಆದವು. ಅಂಥ ಉದಾಹರಣೆ ಅಪರೂಪ. ಊರಿನ ಶಾಲೆ ಮುಚ್ಚಿಸಿ ಪಕ್ಕದ ಊರಿನ ಜೊತೆ ಸೇರಿಸ್ತೀವಿ ಅಂದರೆ ನಮ್ಮ ಹಳ್ಳಿಗಳಲ್ಲಿ ಜನ ತಿರುಗಿ ಬೀಳುವುದಿಲ್ಲವಾ, ಹಾಗೇ ಇಲ್ಲೂ.

ಮಕ್ಕಳು ಎಷ್ಟು ಕಲಿತರು ಅನ್ನುವ ಪ್ರಶ್ನೆಗೆ ಎರಡೂ ಕಡೆ ಅಂಕಿಗಳ ಆಟ ಜೋರು. ಇಲ್ಲಿ ಮೂರರಿಂದ ಎಂಟನೇ ಕ್ಲಾಸಿನವರೆಗೆ ವರ್ಷಕ್ಕೊಮ್ಮೆ ರಾಜ್ಯದ ಪರೀಕ್ಷೆ. ಐದು ಹಂತ, ನಾಲ್ಕು ಮತ್ತು ಐದಕ್ಕೆ ಬಂದರೆ ಪಾಸ್ ಅನ್ನಬಹುದು. ಇತ್ತೀಚಿನ ವರ್ಷಗಳಲ್ಲಿ ರಾಜ್ಯದಲ್ಲಿ ಸುಮಾರು ಅರ್ಧ ಮಕ್ಕಳು ಇಂಗ್ಲಿಷ್‌ನಲ್ಲಿ, ಹತ್ತಕ್ಕೆ ನಾಲ್ಕು ಮಕ್ಕಳು ಗಣಿತದಲ್ಲಿ ಆ ಮಟ್ಟ ಮುಟ್ಟಿದ್ದಾರೆ. ಪ್ರತಿ ಮಗುವಿಗೆ ವರ್ಷಕ್ಕೆ 20,000 ಡಾಲರ್ ಮೀರಿ ಖರ್ಚು ಮಾಡುವ ರಾಜ್ಯದ ಮಾತು ಇದು! ಪ್ರತಿ ಶಾಲೆಯ ಫಲಿತಾಂಶ ಎಲ್ಲರಿಗೂ ಸಿಗುತ್ತದೆ. ಮನೆ ಕೊಳ್ಳುವವರು ಅದನ್ನೇ ಮೊದಲು ನೋಡುವುದು, ನಮ್ಮವರಂತೂ ಅಡುಗೆಮನೆ ನೋಡುವ ಮೊದಲು ಅದನ್ನು ನೋಡುತ್ತಾರೆ. ಆದರೆ ಚಿಕ್ಕ ಡಿಸ್ಟ್ರಿಕ್ಟ್‌ನಲ್ಲಿ ಆ ಅಂಕಿಗೆ ಅಷ್ಟು ಬೆಲೆ ಕೊಡಬಾರದು. ಮೂರನೇ ಕ್ಲಾಸಿನಲ್ಲಿ 40 ಮಕ್ಕಳಿದ್ದರೆ ಒಬ್ಬ ಹುಡುಗ ಅಂದರೆ ಎರಡೂವರೆ ಪರ್ಸೆಂಟ್. ನಾಲ್ಕು ಮಕ್ಕಳಿಗೆ ಆ ವಾರ ಜ್ವರ ಬಂದರೆ ಶಾಲೆಯೇ ಹತ್ತು ಪರ್ಸೆಂಟ್ ಕುಸಿದ ಹಾಗೆ ಕಾಣುತ್ತದೆ. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿನ ಅಂಕಿಯನ್ನು ರಾಜ್ಯ ಹೊರಗೆ ಬಿಡುವುದೇ ಇಲ್ಲ, ಯಾವ ಮಗು ಅಂತ ಊರಿಗೆಲ್ಲ ಗೊತ್ತಾಗಿಬಿಡುತ್ತದೆ ಅಂತ. ಅದಕ್ಕಿಂತ ನೋಡಬೇಕಾದದ್ದು ಬೆಳವಣಿಗೆಯ ಅಂಕಿ. ಹೋದ ವರ್ಷ ಇವನಷ್ಟೇ ಅಂಕ ಪಡೆದ ರಾಜ್ಯದ ಬೇರೆ ಮಕ್ಕಳ ಪಕ್ಕದಲ್ಲಿ ಈ ವರ್ಷ ಇವನು ಎಲ್ಲಿ ನಿಂತಿದ್ದಾನೆ ಅನ್ನುವುದು. ಶ್ರೀಮಂತ ಊರಿನ ಕೆಲವು ಶಾಲೆಗಳು ಅದರಲ್ಲಿ ಸಪ್ಪೆ. ಅಪ್ಪ-ಅಮ್ಮ ಮನೆಯಲ್ಲಿ ಕಲಿಸಿದ್ದನ್ನು ಶಾಲೆ ತನ್ನ ಖಾತೆಗೆ ಹಾಕಿಕೊಂಡಿರುತ್ತದೆ.

ನಮ್ಮಲ್ಲಿ ಹತ್ತನೇ ಕ್ಲಾಸಿಗೆ ಮುಂಚೆ ಊರಿಗೆ ಕಾಣುವ ಅಂಕಿಯೇ ಇಲ್ಲ. 2024ರಲ್ಲಿ 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಅಂತ ಮಾಡಲು ಹೋಗಿ ಅದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿ ಫಲಿತಾಂಶಕ್ಕೇ ತಡೆ ಬಿತ್ತು. ಎಸ್‌ಎಸ್‌ಎಲ್‌ಸಿಯ ಕತೆಯೂ ಹಾಗೇ. 2023ರಲ್ಲಿ 83.89 ಪರ್ಸೆಂಟ್ ಪಾಸ್. 2024ರಲ್ಲಿ ಪರೀಕ್ಷೆ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಗ್ರೇಸ್ ಅಂಕಗಳನ್ನು ಧಾರಾಳವಾಗಿ ಕೊಟ್ಟ ಮೇಲೂ ಫಲಿತಾಂಶ 73.40ಕ್ಕೆ ಇಳಿಯಿತು. ಒಂದು ಕ್ಯಾಮೆರಾ ಅಷ್ಟು ವರ್ಷದ ಬಣ್ಣ ತೊಳೆಯಿತು. ಪೇಪರಿನಲ್ಲಿ 'ನಮ್ಮ ಶಾಲೆಗೆ ಶೇ. 100 ಫಲಿತಾಂಶ' ಅಂತ ಫೋಟೋ ಬಂದಾಗ ನಾನು ಈಗ ಮೊದಲು ಹುಡುಕುವುದು ಪರೀಕ್ಷೆಗೆ ಕೂತ ಮಕ್ಕಳು ಎಷ್ಟು ಅಂತ. ಹನ್ನೆರಡೋ, ಹದಿಮೂರೋ ಇರುತ್ತದೆ.

ನನ್ನ ಮಾತು ಇಷ್ಟು. ದುಡ್ಡು ರಾಜ್ಯದ ಖಜಾನೆಯಿಂದಲೇ ಬರಲಿ. ನೇಮಕಾತಿ, ವರ್ಗಾವಣೆ ಈಗಿರುವ ಹಾಗೇ ಇರಲಿ, ಕೌನ್ಸೆಲಿಂಗ್‌ನಲ್ಲಿ ಎಷ್ಟೇ ಕಿರಿಕಿರಿ ಇದ್ದರೂ ಊರಿನ ಗೌಡರು ಮೇಷ್ಟ್ರನ್ನು ನೇಮಿಸುವುದಕ್ಕಿಂತ ವಾಸಿ. ಆದರೆ ಪ್ರತಿ ಶಾಲೆಗೂ ವರ್ಷಕ್ಕೊಂದು ಪುಟದ ಪೂರ್ತಿ ಲೆಕ್ಕ ಇರಲಿ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದೆಷ್ಟು, ಸಂಬಳಕ್ಕೆ ಹೋದದ್ದೆಷ್ಟು, ಬಿಸಿಯೂಟಕ್ಕೆಷ್ಟು, ಕಟ್ಟಡಕ್ಕೆಷ್ಟು, ಅನುದಾನ ಎಷ್ಟು, ಉಳಿದದ್ದೆಷ್ಟು. ಅದರ ಕೆಳಗೆ, ಮಗ್ಗಿ ಬರುವ ಮಕ್ಕಳೆಷ್ಟು, ಕನ್ನಡದಲ್ಲಿ ಒಂದು ಪುಟ ತಡವರಿಸದೆ ಓದುವವರೆಷ್ಟು ಅಂತ ಎರಡು ಸಾಲು. ಈ ಅಂಕಿಗಳೆಲ್ಲ ಎಲ್ಲೋ ಒಂದೊಂದು ಆಫೀಸಿನಲ್ಲಿ ಈಗಲೂ ಇವೆ. ಒಂದೇ ಹಾಳೆಗೆ ತರುವುದು ಬಿಇಒ ಆಫೀಸಿಗೆ ಆಗದ ಕೆಲಸವೇನಲ್ಲ.

ಇದನ್ನು ಅತ್ತಿಗೆಗೆ ಹೇಳಿದರೆ, 'ನನ್ನ ಸಂಬಳಾನ ಊರ ಮುಂದೆ ಓದಿಸ್ತೀರಾ?' ಅಂತ ಸಿಟ್ಟಾದರು. ಇಲ್ಲಿ ಟೀಚರುಗಳ ಸಂಬಳದ ಪಟ್ಟಿ ಯಾರಿಗೆ ಬೇಕಾದರೂ ಸಿಗುತ್ತದೆ, ಅದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಅವರು ಹೇಳಿದ್ದರಲ್ಲೂ ಅರ್ಥವಿದೆ. ಹಳ್ಳಿಯಲ್ಲಿ ಒಂಟಿ ಹೆಂಗಸು ಟೀಚರ್‌ಗೆ ಇಷ್ಟು ಬರುತ್ತೆ ಅಂತ ಗೊತ್ತಾದರೆ ಸಾಲ ಕೇಳುವವರು ಸಾಲುಗಟ್ಟುತ್ತಾರೆ. ಹಾಗಾಗಿ ಹೆಸರು ಹಿಡಿದು ಬೇಡ, ಒಟ್ಟು ಮೊತ್ತ ಸಾಕು ಅಂತ ಒಪ್ಪಂದಕ್ಕೆ ಬಂದೆವು. 'ಖಾಲಿ ಹುದ್ದೆಯ ಸಾಲು ಮಾತ್ರ ದಪ್ಪಕ್ಷರದಲ್ಲಿ ಹಾಕ್ಸಿ' ಅಂದರು.

ಎಲ್ಲಿ ಓದುವುದು ಅನ್ನುವುದಕ್ಕೆ ಹೊಸ ಕಾಯ್ದೆಯೂ ಬೇಡ. ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ಅಂತ ನಡೆಯುತ್ತದಲ್ಲ, ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎಲ್ಲಾ ಜನರ ಮುಂದೆ ಇಡುವ ದಿನ. ಚರಂಡಿ ಎಷ್ಟು ಮೀಟರ್, ಬೀದಿ ದೀಪ ಎಷ್ಟು ಅಂತ ಓದುತ್ತಾರೆ. ಅದೇ ದಿನ ಅದೇ ಪಂಚಾಯಿತಿಯ ಸರ್ಕಾರಿ ಶಾಲೆಗಳ ಪುಟಗಳನ್ನೂ ಓದಲಿ, ಎಸ್‌ಡಿಎಂಸಿ ಅಧ್ಯಕ್ಷರೇ ಓದಲಿ. ಮೊದಲ ವರ್ಷ ಯಾರೂ ಏನೂ ಕೇಳಲಿಕ್ಕಿಲ್ಲ. ಎರಡನೇ ವರ್ಷ ಯಾರೋ ಒಬ್ಬರು, ಹೋದ ಸಲವೂ ಇಂಗ್ಲಿಷ್ ಮೇಷ್ಟ್ರ ಹುದ್ದೆ ಖಾಲಿ ಅಂತಲೇ ಓದಿದ್ರಲ್ಲ ಅಂತ ಕೇಳಿಯೇ ಕೇಳುತ್ತಾರೆ.